ನಾಡದೋಣಿ ಎಂಜಿನ್‌ಗೆ ಕಾರ್ಬುರೇಟರ್: ಆಯ್ಕೆಯಲ್ಲಿ ಎಚ್ಚರವಿರಲಿ
ಇಂಧನ ಬದಲಾಗುತ್ತಿರುವ ಕಾಲದಲ್ಲಿ ದೋಣಿ ಮಾಲೀಕರೂ ಬಿಡಿಭಾಗ ವ್ಯಾಪಾರಿಗಳೂ ತಿಳಿದಿರಬೇಕಾದ ಸಂಗತಿಗಳು

ಗಂಗೊಳ್ಳಿಯ ಅಳಿವೆಯಲ್ಲಿ ಮಳೆಗಾಲದ ಒಂದು ಮುಂಜಾವು. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ನದಿಗಳ ನೀರು ಒಂದೇ ಬಾಗಿಲಿನಿಂದ ಕಡಲಿಗೆ ನುಗ್ಗುತ್ತಿದ್ದರೆ, ಕಡಲಿನ ತೆರೆಗಳು ಎದುರಿನಿಂದ ಬಂದು ಅಲ್ಲಿಯೇ ಒಡೆಯುತ್ತವೆ. ಹೊರಗೆ ಹೋಗುವ ನಾಡದೋಣಿಯವರು ಅಳಿವೆಯ ಒಳಮಗ್ಗುಲಲ್ಲಿ ಎಂಜಿನನ್ನು ನಿಧಾನಗತಿಯಲ್ಲಿ ಇರಿಸಿಕೊಂಡು ತೆರೆಗಳನ್ನು ಎಣಿಸುತ್ತಾರೆ. ದೊಡ್ಡ ತೆರೆಯೊಂದು ಒಡೆದು ಮುಂದಿನದು ಏಳುವ ಮುನ್ನ ದೊರೆಯುವ ಅಲ್ಪ ಬಿಡುವಿನಲ್ಲಿ ಥ್ರಾಟಲನ್ನು ಒಮ್ಮೆಲೇ ತೆರೆದು ದೋಣಿಯನ್ನು ಹೊರಗೆ ದಾಟಿಸಬೇಕು. ಆ ಕೆಲವೇ ಕ್ಷಣಗಳಲ್ಲಿ ಎಂಜಿನ್ ತಡವರಿಸಿದರೆ ದೋಣಿ ತೆರೆಗೆ ಅಡ್ಡವಾಗುತ್ತದೆ. ಅಡ್ಡವಾದ ದೋಣಿಯ ಗತಿ ಏನೆಂಬುದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಂಜಿನ್ ಆ ಗಳಿಗೆಯಲ್ಲಿ ಮಾತು ಕೇಳುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಭಾಗಗಳಲ್ಲಿ ಮುಖ್ಯವಾದುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಕಾರ್ಬುರೇಟರ್. ಶಿರೂರಿನ ಅಳ್ವೆಗದ್ದೆಯಿಂದ ಉಪ್ಪುಂದ, ಕೊಡೇರಿ, ಮರವಂತೆ, ಗಂಗೊಳ್ಳಿಗಳ ಮೂಲಕ ಹಂಗಾರಕಟ್ಟೆ, ಕೋಡಿಬೆಂಗ್ರೆಯವರೆಗಿನ ಬೈಂದೂರು, ಕುಂದಾಪುರ, ಬ್ರಹ್ಮಾವರ ಕರಾವಳಿಯಲ್ಲಿ ಈ ಪುಟ್ಟ ಉಪಕರಣದ ಆಯ್ಕೆ ಇಂದು ಹಿಂದೆಂದಿಗಿಂತ ಹೆಚ್ಚಿನ ಮಹತ್ವ ಪಡೆದಿದೆ. ಸೀಮೆಎಣ್ಣೆಯ ಕಾಲ ಮುಗಿಯುತ್ತ ಬಂದಿರುವುದು, ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಏರಿರುವುದು ಹಾಗೂ ರಸ್ತೆಯ ವಾಹನಗಳಿಂದ ಕಾರ್ಬುರೇಟರ್ ಮರೆಯಾಗುತ್ತಿರುವುದು ಇದಕ್ಕೆ ಕಾರಣವಾದ ಮೂರು ಬೆಳವಣಿಗೆಗಳು.

ಹುಟ್ಟಿನಿಂದ ಮೋಟಾರಿನೆಡೆಗೆ

1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಬಳಿಕ ರಂಪಣಿ ಬಲೆಯ ವೈಭವ ಕುಗ್ಗಿತು. ಬೂತಾಯಿ, ಬಂಗುಡೆಗಳ ಹಿಂಡು ದಡಕ್ಕೆ ಬರುವವರೆಗೆ ಕಾಯುವುದು ಲಾಭದಾಯಕವಾಗಿ ಉಳಿಯಲಿಲ್ಲ. 1980ರ ದಶಕದಿಂದೀಚೆಗೆ ನಾಡದೋಣಿಗಳ ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್‌ಗಳು ಬಂದು ಕುಳಿತವು. ನಾರ್ವೆ ಮೂಲದ ಅಮೆರಿಕನ್ ತಂತ್ರಜ್ಞ ಓಲೆ ಎವಿನ್‌ರೂಡ್ 1909ರಲ್ಲಿ ವಾಣಿಜ್ಯ ರೂಪಕ್ಕೆ ತಂದ ಈ ಬಗೆಯ ಎಂಜಿನ್ ಹಗುರ, ಸರಳ ಹಾಗೂ ಕಳಚಿ ಮನೆಗೆ ಒಯ್ಯಬಹುದಾದದ್ದು. ಕಂತುಬಲೆ, ಮಾಟುಬಲೆಗಳ ದೋಣಿಗಳಿಗೆ ಅದು ಚೆನ್ನಾಗಿ ಒಗ್ಗಿತು.

ಯಾಂತ್ರೀಕೃತ ದೋಣಿಗಳಿಗೆ ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕಾ ನಿಷೇಧವಿದೆ. ಆದರೆ ಗರಿಷ್ಠ 10 ಅಶ್ವಶಕ್ತಿಯ ಎಂಜಿನ್ ಅಳವಡಿಸಿದ ಸಾಂಪ್ರದಾಯಿಕ ನಾಡದೋಣಿಗಳಿಗೆ ಈ ಅವಧಿಯಲ್ಲಿಯೂ ಅವಕಾಶವಿದೆ. ಅರ್ಥಾತ್, ಕಡಲು ಅತ್ಯಂತ ಪ್ರಕ್ಷುಬ್ಧವಾಗಿರುವ ತಿಂಗಳುಗಳಲ್ಲಿ ಅತ್ಯಂತ ಚಿಕ್ಕ ಎಂಜಿನ್‌ಗಳು ಅಳಿವೆ ದಾಟುತ್ತವೆ. ಮೀನಿಗೆ ಒಳ್ಳೆಯ ಬೆಲೆ ದೊರೆಯುವುದೂ ಇದೇ ತಿಂಗಳುಗಳಲ್ಲಿ. ಕಾರ್ಬುರೇಟರಿನ ಆಯ್ಕೆಯ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಅವಶ್ಯ.

ಕಾರ್ಬುರೇಟರ್ ಮಾಡುವ ಕೆಲಸ

ಎಂಜಿನ್ ಎಂಬುದು ಮೂಲತಃ ಗಾಳಿಯನ್ನು ಎಳೆದುಕೊಳ್ಳುವ ಪಂಪು. ಅದು ಎಳೆದುಕೊಳ್ಳುವ ಗಾಳಿಗೆ ಸರಿಯಾದ ಪ್ರಮಾಣದಲ್ಲಿ ಇಂಧನವನ್ನು ಬೆರೆಸುವುದೇ ಕಾರ್ಬುರೇಟರಿನ ಕರ್ತವ್ಯ. ಕಾರ್ಬುರೇಟರಿನ ಗಂಟಲಿನಲ್ಲಿ ವೆಂಚುರಿ ಎಂಬ ಇಕ್ಕಟ್ಟಾದ ಭಾಗವಿದೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕಡಿಮೆಯಾಗುತ್ತದೆ. ಆ ಎಳೆತಕ್ಕೆ ಕೆಳಗಿನ ಫ್ಲೋಟ್ ಬಟ್ಟಲಿನ ಇಂಧನವು ಜೆಟ್ ಎಂಬ ಸೂಕ್ಷ್ಮ ರಂಧ್ರದ ಮೂಲಕ ಮೇಲೇರಿ ಗಾಳಿಯಲ್ಲಿ ತುಂತುರಾಗಿ ಬೆರೆಯುತ್ತದೆ. ಎಥೆನಾಲ್ ಬೆರೆಯದ ಪೆಟ್ರೋಲ್ ಸಂಪೂರ್ಣ ಉರಿಯಲು ತೂಕದ ಲೆಕ್ಕದಲ್ಲಿ 1 ಪಾಲು ಇಂಧನಕ್ಕೆ ಸುಮಾರು 14.7 ಪಾಲು ಗಾಳಿ ಬೇಕು.

ಇಂಧನ ಈ ಪ್ರಮಾಣಕ್ಕಿಂತ ಹೆಚ್ಚಾದರೆ ಹೊಗೆ, ವ್ಯರ್ಥ ಖರ್ಚು ಹಾಗೂ ಪ್ಲಗ್ಗಿಗೆ ಮಸಿ. ಕಡಿಮೆಯಾದರೆ ಇನ್ನೂ ದೊಡ್ಡ ಅಪಾಯ. 2 ಸ್ಟ್ರೋಕ್ ಎಂಜಿನ್‌ಗಳಲ್ಲಿ ಕೀಲೆಣ್ಣೆಯೂ ಇಂಧನದೊಡನೆಯೇ ಒಳಗೆ ಹೋಗುವುದು ಸಾಮಾನ್ಯ. ಆದುದರಿಂದ ಇಂಧನ ತೆಳುವಾದಾಗ ಉಷ್ಣತೆ ಏರುವುದರ ಜೊತೆಗೆ ಪಿಸ್ಟನ್ನಿಗೆ ತಲುಪುವ ಎಣ್ಣೆಯೂ ಕಡಿಮೆಯಾಗುತ್ತದೆ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ ನಿಲ್ಲುವುದು ಬಹುಮಟ್ಟಿಗೆ ಹೀಗೆಯೇ.

ದೊಡ್ಡದೇ ಉತ್ತಮವೆಂಬ ಭ್ರಮೆ

ಕಾರ್ಬುರೇಟರ್ ದೊಡ್ಡದಾದಷ್ಟೂ ಶಕ್ತಿ ಹೆಚ್ಚು ಎಂಬ ನಂಬಿಕೆ ಗ್ರಾಹಕರಲ್ಲಿಯೂ ಕೆಲವು ಮೆಕ್ಯಾನಿಕರಲ್ಲಿಯೂ ಇದೆ. ಇದನ್ನು ಲೆಕ್ಕದಿಂದಲೇ ಪರೀಕ್ಷಿಸಬಹುದು.

ವೆಂಚುರಿಯ ವ್ಯಾಸ 20 ಮಿ.ಮೀ. ಇರುವ ಕಾರ್ಬುರೇಟರನ್ನು ತೆಗೆದು 24 ಮಿ.ಮೀ.ನದನ್ನು ಕೂರಿಸಿದರೆಂದು ಭಾವಿಸೋಣ. ವ್ಯಾಸ ಹೆಚ್ಚಿದ್ದು 4 ಮಿ.ಮೀ. ಮಾತ್ರ, ಆದರೆ ವಿಸ್ತೀರ್ಣ ಶೇ. 44ರಷ್ಟು ಹೆಚ್ಚಿತು. ಎಂಜಿನ್ ಎಳೆಯುವ ಗಾಳಿ ಅಷ್ಟೇ ಇದ್ದಾಗ ಗಂಟಲಿನಲ್ಲಿ ಗಾಳಿಯ ವೇಗ ಸುಮಾರು ಶೇ. 30ರಷ್ಟು ಇಳಿಯುತ್ತದೆ. ಜೆಟ್‌ನಿಂದ ಇಂಧನವನ್ನು ಎಳೆಯುವ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಪರಿಣಾಮವಾಗಿ ನಿಧಾನಗತಿಯಿಂದ ಒಮ್ಮೆಲೇ ಥ್ರಾಟಲ್ ತೆರೆದಾಗ ಗಾಳಿ ಮೊದಲು ನುಗ್ಗುತ್ತದೆ, ಇಂಧನ ಹಿಂದೆ ಬೀಳುತ್ತದೆ; ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತಾಗಿ ಆಮೇಲೆ ಎಚ್ಚೆತ್ತುಕೊಳ್ಳುತ್ತದೆ. ತೆರೆದ ಕಡಲಿನಲ್ಲಿ ಈ ಒಂದು ಕ್ಷಣಕ್ಕೆ ಬೆಲೆಯಿಲ್ಲ. ಅಳಿವೆಯ ಬಾಯಿಯಲ್ಲಿ ಅದರ ಬೆಲೆ ದೋಣಿ, ಬಲೆ ಮತ್ತು ಜೀವ.

ಜೆಟ್ ದೋಣಿಗಳು ಕಲಿಸಿದ ಪಾಠ

ಈ ವಿಷಯದಲ್ಲಿ ಅತಿ ದೊಡ್ಡ ಎಂಜಿನ್‌ಗಳನ್ನು ಬಳಸುವವರ ಅನುಭವವೂ ಬೋಧಪ್ರದವಾಗಿದೆ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಅಲ್ಲಿನ ಆಳವಿಲ್ಲದ ನದಿಗಳಿಗಾಗಿ ಜೆಟ್ ದೋಣಿಯನ್ನು ಬಳಕೆಗೆ ತಂದರು. ಇದರಲ್ಲಿ ಪ್ರೊಪೆಲ್ಲರ್ ನೀರಿನೊಳಗೆ ಇಳಿಬಿಟ್ಟಿರುವುದಿಲ್ಲ. ಒಳಗಿನ ಪಂಪು ನೀರನ್ನು ಹೀರಿ ಹಿಂದಕ್ಕೆ ರಭಸದಿಂದ ಚಿಮ್ಮಿಸುತ್ತದೆ. ಅಮೆರಿಕದಲ್ಲಿ ಇಂತಹ ದೋಣಿಗಳಿಗೆ ಕಾರುಗಳ 8 ಸಿಲಿಂಡರಿನ ಬೃಹತ್ ಎಂಜಿನ್‌ಗಳನ್ನು ಅಳವಡಿಸುವ ರೂಢಿ ಬೆಳೆಯಿತು.

454 ಘನ ಇಂಚು, ಅಂದರೆ ಸುಮಾರು 7.4 ಲೀಟರ್ ಗಾತ್ರದ ಅಂತಹ ಎಂಜಿನನ್ನು ತೆಗೆದುಕೊಳ್ಳೋಣ. 4 ಸ್ಟ್ರೋಕ್ ಎಂಜಿನ್ 2 ಸುತ್ತಿಗೊಮ್ಮೆ ಮಾತ್ರ ಗಾಳಿ ಎಳೆಯುತ್ತದೆ. ಆದುದರಿಂದ ಗಾತ್ರವನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 3456ರಿಂದ ಭಾಗಿಸಿದರೆ ನಿಮಿಷಕ್ಕೆ ಬೇಕಾಗುವ ಗಾಳಿ ಘನ ಅಡಿಗಳಲ್ಲಿ ದೊರೆಯುತ್ತದೆ. 5000 ಸುತ್ತುಗಳಿಗೆ ಇದು 657 ಘನ ಅಡಿ. ಯಾವ ಸಾಮಾನ್ಯ ಎಂಜಿನ್ನೂ ಪೂರ್ತಿ ತುಂಬಿಕೊಳ್ಳುವುದಿಲ್ಲವಾದ್ದರಿಂದ ಶೇ. 85ರ ಲೆಕ್ಕ ಹಿಡಿದರೆ ಸುಮಾರು 558 ಘನ ಅಡಿ. ಆದುದರಿಂದ 600ರ ಆಸುಪಾಸಿನ ಕಾರ್ಬುರೇಟರ್ ಲೆಕ್ಕಕ್ಕೆ ಸಾಕು. ಗರಿಷ್ಠ ವೇಗದಲ್ಲಿ ಇನ್ನಷ್ಟು ಶಕ್ತಿ ಬಯಸುವವರು 750ರವರೆಗೂ ಹೋಗುತ್ತಾರೆ. ಅದಕ್ಕಿಂತಲೂ ಬಹಳ ಮೇಲೇರಿದರೆ ನಿಧಾನಗತಿಯ ಚುರುಕು ಕೈಬಿಡುತ್ತದೆ.

ಜೆಟ್ ದೋಣಿಯವರು ಕಂಡುಕೊಂಡ ಇನ್ನೊಂದು ಸತ್ಯವು ನಮ್ಮ ನಾಡದೋಣಿಗಳಿಗೂ ಅನ್ವಯಿಸುತ್ತದೆ. ಪಂಪು ಅಥವಾ ಪ್ರೊಪೆಲ್ಲರ್ ಬೇಡುವ ಶಕ್ತಿಯು ಸುತ್ತುಗಳ ಘನಕ್ಕೆ ಅನುಗುಣವಾಗಿ ಏರುತ್ತದೆ. 5000 ಸುತ್ತುಗಳಿಂದ 4000ಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗೆಯೇ, ಪ್ರೊಪೆಲ್ಲರ್ 5000 ಸುತ್ತುಗಳಿಗಿಂತ ಹೆಚ್ಚು ತಿರುಗಲು ಬಿಡದ ದೋಣಿಗೆ 6000 ಸುತ್ತುಗಳ ಗಾಳಿಯನ್ನು ಪೂರೈಸುವ ಕಾರ್ಬುರೇಟರ್ ಹಾಕಿ ಪ್ರಯೋಜನವಿಲ್ಲ. ದೋಣಿ ಸಾಕಷ್ಟು ಓಡುತ್ತಿಲ್ಲವೆಂಬ ದೂರಿಗೆ ಎಷ್ಟೋ ವೇಳೆ ಪರಿಹಾರವಿರುವುದು ಪ್ರೊಪೆಲ್ಲರಿನ ಪಿಚ್‌ನಲ್ಲಿ, ಕಾರ್ಬುರೇಟರಿನಲ್ಲಲ್ಲ.

ಇದೇ ಲೆಕ್ಕವನ್ನು ನಮ್ಮ ಚಿಕ್ಕ ಎಂಜಿನ್‌ಗೆ ಅನ್ವಯಿಸೋಣ. 250 ಸಿ.ಸಿ.ಯ 2 ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಗಾಳಿ ಎಳೆಯುತ್ತದೆ. 5000 ಸುತ್ತುಗಳಿಗೆ 1250 ಲೀಟರ್, ಶೇ. 70ರಷ್ಟು ತುಂಬುತ್ತದೆಂದು ಹಿಡಿದರೆ ನಿಮಿಷಕ್ಕೆ 875 ಲೀಟರ್, ಅಂದರೆ ಸುಮಾರು 31 ಘನ ಅಡಿ. ಬೃಹತ್ ಎಂಜಿನ್ನಿನ ಹದಿನೆಂಟನೆಯ ಒಂದು ಪಾಲು! ಇಷ್ಟು ಅಲ್ಪ ಗಾಳಿಯನ್ನು ಅಳೆದು ಇಂಧನ ಬೆರೆಸುವಲ್ಲಿ ತಪ್ಪಿಗೆ ಅವಕಾಶವೂ ಅಷ್ಟೇ ಅಲ್ಪ. ದೊಡ್ಡ ಎಂಜಿನ್ ಸಹಿಸಿಕೊಳ್ಳುವ ವ್ಯತ್ಯಾಸವನ್ನು ಚಿಕ್ಕ ಎಂಜಿನ್ ಸಹಿಸದು.

ಸೀಮೆಎಣ್ಣೆಯಿಂದ ಪೆಟ್ರೋಲಿಗೆ

ದಶಕಗಳ ಕಾಲ ನಮ್ಮ ನಾಡದೋಣಿಗಳು ರಿಯಾಯಿತಿ ದರದ ಸೀಮೆಎಣ್ಣೆಯನ್ನು ನಂಬಿದ್ದವು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ ಬಿಸಿಯಾದ ಬಳಿಕ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ಬರುವುದು ಇದರ ಕ್ರಮ. ಈ ಕೊನೆಯ ಹಂತವನ್ನು ಮರೆತರೆ ಫ್ಲೋಟ್ ಬಟ್ಟಲಿನಲ್ಲಿ ಸೀಮೆಎಣ್ಣೆಯೇ ಉಳಿದು, ತಣ್ಣಗಾದ ಎಂಜಿನ್ ಮತ್ತೆ ಹಗ್ಗ ಎಳೆದಾಗ ಹತ್ತುವುದಿಲ್ಲ. ಅಳಿವೆಯ ನಡುವೆ ಎಂಜಿನ್ ನಿಂತರೆ ಇದೇ ಪರಿಸ್ಥಿತಿ ಒದಗುತ್ತದೆ. ಆದುದರಿಂದ ಅಳಿವೆ ದಾಟುವಾಗ ಪೆಟ್ರೋಲಿನಲ್ಲಿಯೇ ದಾಟುವುದು ಕ್ಷೇಮ.

ಸೀಮೆಎಣ್ಣೆಯ ಹಂಚಿಕೆ ವರ್ಷದಿಂದ ವರ್ಷಕ್ಕೆ ಇಳಿಯಿತು. 2021-22ರ ಕೇಂದ್ರ ಆಯವ್ಯಯದಿಂದ ಅದರ ಸಬ್ಸಿಡಿಯೂ ಇಲ್ಲವಾಯಿತು. ಸಕಾಲಕ್ಕೆ ಸೀಮೆಎಣ್ಣೆ ದೊರೆಯುತ್ತಿಲ್ಲವೆಂಬುದು ಈ ಭಾಗದ ಮೀನುಗಾರರ ಬಹುಕಾಲದ ಅಳಲಾಗಿತ್ತು. 2023ರ ಜುಲೈ ತಿಂಗಳಿನ ರಾಜ್ಯ ಆಯವ್ಯಯದಲ್ಲಿ ಸೀಮೆಎಣ್ಣೆ ಎಂಜಿನ್‌ಗಳನ್ನು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗಳಾಗಿ ಬದಲಾಯಿಸಿಕೊಳ್ಳಲು ತಲಾ 50,000 ರೂ. ಸಹಾಯಧನವನ್ನು ಘೋಷಿಸಲಾಯಿತು.

ಇಲ್ಲಿ ದೋಣಿ ಮಾಲೀಕರು ಗಮನಿಸಬೇಕಾದ ತಾಂತ್ರಿಕ ಅಂಶಗಳಿವೆ. ಸೀಮೆಎಣ್ಣೆಯ ಆಕ್ಟೇನ್ ಮಟ್ಟ ಬಹಳ ಕಡಿಮೆ. ಆದುದರಿಂದ ಸೀಮೆಎಣ್ಣೆಗೆಂದೇ ತಯಾರಾದ ಎಂಜಿನ್‌ಗಳಲ್ಲಿ ಸಿಲಿಂಡರಿನ ಒತ್ತುವಿಕೆಯನ್ನು ತಗ್ಗಿಸಿರುತ್ತಾರೆ. ಅಂತಹ ಎಂಜಿನ್‌ಗೆ ಪೆಟ್ರೋಲ್ ಹಾಕಿದರೆ ತಕ್ಷಣದ ಹಾನಿಯಿಲ್ಲ. ಆದರೆ ಪೆಟ್ರೋಲಿನಿಂದ ದೊರೆಯಬೇಕಾದ ಶಕ್ತಿಯೂ ಮಿತವ್ಯಯವೂ ಪೂರ್ಣವಾಗಿ ಕೈಸೇರುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಪೆಟ್ರೋಲ್ ಎಂಜಿನ್‌ಗೆ ಸೀಮೆಎಣ್ಣೆ ಹಾಕಿದರೆ ಇಂಧನ ಅಕಾಲದಲ್ಲಿ ಸಿಡಿದು ಪಿಸ್ಟನ್ನಿಗೆ ಪೆಟ್ಟು ಬೀಳುತ್ತದೆ.

ಜೆಟ್‌ನ ವಿಷಯವೂ ಹೀಗೆಯೇ. ಸೀಮೆಎಣ್ಣೆ ಪೆಟ್ರೋಲಿಗಿಂತ ಸಾಂದ್ರವೂ ಮಂದವೂ ಆದ ದ್ರವ. ಒಂದೇ ರಂಧ್ರದಲ್ಲಿ ಎರಡೂ ಒಂದೇ ಪ್ರಮಾಣದಲ್ಲಿ ಹರಿಯುವುದಿಲ್ಲ, ಒಂದೇ ರೀತಿಯಲ್ಲಿ ಆವಿಯಾಗುವುದೂ ಇಲ್ಲ. ಆದುದರಿಂದ ಇಂಧನ ಬದಲಿಸುವವರು ತಯಾರಕರ ಬಿಡಿಭಾಗ ಪಟ್ಟಿಯಲ್ಲಿ ತಮ್ಮ ಮಾದರಿಯ ಪೆಟ್ರೋಲ್ ಆವೃತ್ತಿಗೆ ಸೂಚಿಸಿದ ಜೆಟ್ ಸಂಖ್ಯೆಯನ್ನು ನೋಡಿಯೇ ಬದಲಿಸಬೇಕು. ಹೊರನೋಟಕ್ಕೆ ಒಂದೇ ರೀತಿ ಕಾಣುವ ಎರಡು ಕಾರ್ಬುರೇಟರ್‌ಗಳ ಒಳಗಿನ ಜೆಟ್ ಬೇರೆಯಾಗಿರಬಹುದು.

ಎಥೆನಾಲ್ ತಂದ ಹೊಸ ಸಮಸ್ಯೆ

ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ದೇಶದಲ್ಲಿ ಬಿಡುಗಡೆಯಾಗಿ, 2025ರ ವೇಳೆಗೆ ಎಲ್ಲೆಡೆ ವ್ಯಾಪಿಸಿತು. ಎಥೆನಾಲ್ ಉರಿಯಲು 9 ಪಾಲು ಗಾಳಿ ಸಾಕು. ಆದುದರಿಂದ ಮಿಶ್ರಣಕ್ಕೆ ಬೇಕಾಗುವ ಗಾಳಿಯ ಪ್ರಮಾಣ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಕಾರ್ಬುರೇಟರಿಗೆ ಇದು ತಿಳಿಯುವುದಿಲ್ಲ. ಅದು ಹಳೆಯ ಲೆಕ್ಕದಲ್ಲಿಯೇ ಇಂಧನ ಕೊಡುತ್ತದೆ. ಪರಿಣಾಮವಾಗಿ ಎಂಜಿನ್‌ಗೆ ದೊರೆಯುವ ಮಿಶ್ರಣ ಶೇ. 7ರಿಂದ 8ರಷ್ಟು ತೆಳುವಾಗುತ್ತದೆ. ಹಿಂದೆ ಸ್ವಲ್ಪ ಸಮೃದ್ಧವಾಗಿ ಹೊಂದಿಸಿದ್ದ ಎಂಜಿನ್‌ಗೆ ಇದರಿಂದ ತೊಂದರೆಯಾಗದು. ಮೊದಲೇ ಅಂಚಿನಲ್ಲಿದ್ದ ಎಂಜಿನ್‌ಗೆ ಇದು ಅಪಾಯಕಾರಿ.

ಮುಖ್ಯ ಜೆಟ್‌ನ ರಂಧ್ರ 1.10 ಮಿ.ಮೀ. ಇದ್ದರೆ ಈ ಕೊರತೆಯನ್ನು ತುಂಬಲು 1.14 ಮಿ.ಮೀ. ಸಾಕು. ಕೂದಲೆಳೆಗಿಂತಲೂ ಸಣ್ಣ ವ್ಯತ್ಯಾಸ! ಇದರಿಂದ ಇನ್ನೊಂದು ಸಂಗತಿಯೂ ಸ್ಪಷ್ಟವಾಗುತ್ತದೆ. ಕಟ್ಟಿಕೊಂಡ ಜೆಟ್ಟನ್ನು ತಂತಿ ತೂರಿಸಿ ಶುಚಿಗೊಳಿಸುವ ಅಭ್ಯಾಸ ಕೆಲವೆಡೆ ಇದೆ. ಹಿತ್ತಾಳೆಯ ಜೆಟ್ ಮೃದುವಾದುದು. ಉಕ್ಕಿನ ತಂತಿ ಅದನ್ನು 0.05 ಮಿ.ಮೀ. ಹಿಗ್ಗಿಸಿದರೆ ಸಾಕು, ಇಂಧನದ ಹರಿವು ಶೇ. 9ರಷ್ಟು ಏರುತ್ತದೆ. ಜೆಟ್ಟನ್ನು ಕಾರ್ಬುರೇಟರ್ ಕ್ಲೀನರ್ ದ್ರವದಲ್ಲಿ ನೆನೆಸಿ ಗಾಳಿ ಊದಿ ಶುಚಿಗೊಳಿಸಬೇಕೇ ಹೊರತು ತಂತಿಯಿಂದಲ್ಲ.

ಎಥೆನಾಲಿನ ಎರಡನೆಯ ಗುಣ ನೀರನ್ನು ಹೀರಿಕೊಳ್ಳುವುದು. ಕಡಲ ತೀರದ ತೇವಗಾಳಿ, ಮುಚ್ಚಳ ಸಡಿಲವಾದ ಟ್ಯಾಂಕು, ಮಳೆನೀರು ಇವೆಲ್ಲ ಸೇರಿ ನೀರಿನ ಅಂಶ ಮಿತಿಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪ್ರತ್ಯೇಕ ಪದರವಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಧನದ ಕೊಳವೆ ತಳದಿಂದಲೇ ಎಳೆಯುವುದರಿಂದ ಎಂಜಿನ್‌ಗೆ ಹೋಗುವುದು ಈ ಪದರವೇ. 2 ಸ್ಟ್ರೋಕ್ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿದುಬಿಡುತ್ತದೆ. ಹೀಗಾಗಿ ಎಂಜಿನ್ ನಿಲ್ಲುವುದಷ್ಟೇ ಅಲ್ಲ, ನಿಲ್ಲುವ ಮುನ್ನ ಎಣ್ಣೆಯಿಲ್ಲದೆ ತಿರುಗುವ ಸಂಭವವೂ ಇದೆ. ಹಳೆಯ ಎಂಜಿನ್‌ಗಳ ರಬ್ಬರ್ ಕೊಳವೆ, ಗ್ಯಾಸ್ಕೆಟ್, ಫ್ಲೋಟ್ ಬಟ್ಟಲಿನ ಸೀಲ್‌ಗಳನ್ನೂ ಎಥೆನಾಲ್ ಕ್ರಮೇಣ ಕೆಡಿಸುತ್ತದೆ. ಹೊಸ ಕಾರ್ಬುರೇಟರ್ ಅಥವಾ ದುರಸ್ತಿ ಕಿಟ್ ಕೊಳ್ಳುವಾಗ ಅದರ ರಬ್ಬರ್ ಭಾಗಗಳು ಎಥೆನಾಲ್ ತಾಳಿಕೊಳ್ಳುವಂಥವೇ ಎಂದು ವಿಚಾರಿಸುವುದು ಅಗತ್ಯ.

ರಸ್ತೆಯ ಕಾರ್ಬುರೇಟರ್ ದೋಣಿಗೆ ಸಲ್ಲದು

2020ರ ಏಪ್ರಿಲ್ 1ರಿಂದ ಭಾರತ್ ಹಂತ 6ರ ನಿಯಮ ಜಾರಿಯಾದ ಬಳಿಕ ಹೊಸ ದ್ವಿಚಕ್ರ ವಾಹನಗಳು ಬಹುಮಟ್ಟಿಗೆ ಇಂಧನ ಇಂಜೆಕ್ಷನ್‌ಗೆ ತಿರುಗಿದವು. ಹಳೆಯ ಬೈಕುಗಳ ಕಾರ್ಬುರೇಟರ್‌ಗಳು ಗುಜರಿಯಲ್ಲಿ ಅಗ್ಗವಾಗಿ ದೊರೆಯುವಾಗ ಅವನ್ನು ದೋಣಿಗೆ ಹೊಂದಿಸುವ ಆಲೋಚನೆ ಸುಳಿಯುವುದು ಸಹಜ. ಆದರೆ ಇದು ಹಿತಕರವಲ್ಲ.

ದೋಣಿಯ ಕಾರ್ಬುರೇಟರ್ ಉಪ್ಪುನೀರಿನ ತುಂತುರನ್ನು ತಡೆದುಕೊಳ್ಳುವ ಲೋಹ, ಲೇಪ ಹಾಗೂ ಸ್ಪ್ರಿಂಗುಗಳಿಂದ ರಚಿತವಾಗಿರುತ್ತದೆ. ತೆರೆಗಳ ಮೇಲೆ ದೋಣಿ ಕುಪ್ಪಳಿಸುವಾಗಲೂ ಇಂಧನದ ಮಟ್ಟ ಏರುಪೇರಾಗದಂತೆ ಅದರ ಫ್ಲೋಟನ್ನು ವಿನ್ಯಾಸಗೊಳಿಸಿರುತ್ತಾರೆ. ಎಂಜಿನ್ ಒಳಗಿರುವ ದೊಡ್ಡ ದೋಣಿಗಳಲ್ಲಂತೂ ವ್ಯತ್ಯಾಸ ಇನ್ನೂ ಗಂಭೀರ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ರಸ್ತೆಯ ವಾಹನದಲ್ಲಿ ಅದು ಕೆಳಗೆ ಹಾರಿಹೋಗುತ್ತದೆ, ದೋಣಿಯಲ್ಲಿ ತಳದಲ್ಲಿಯೇ ಸಂಗ್ರಹವಾಗುತ್ತದೆ. ಒಂದು ಕಿಡಿ ಸಾಕು, ಸ್ಫೋಟವಾಗಬಹುದು. ಆದುದರಿಂದಲೇ ದೊಡ್ಡ ಜೆಟ್ ದೋಣಿಗಳ ಸಾಗರ ದರ್ಜೆಯ ಕಾರ್ಬುರೇಟರ್‌ಗಳಲ್ಲಿ ಉಕ್ಕಿದ ಇಂಧನ ಹೊರಗೆ ಚೆಲ್ಲದೆ ಎಂಜಿನ್ನಿನ ಒಳಕ್ಕೇ ಹೋಗುವಂತೆ ಬಾಗಿದ ಕೊಳವೆಗಳಿರುತ್ತವೆ. ಗಾಳಿಯ ಬಾಯಿಗೆ ಜ್ವಾಲೆಯನ್ನು ತಡೆಯುವ ಲೋಹದ ಜಾಲರಿಯಿರುತ್ತದೆ. ತ್ರಾಸಿ-ಮರವಂತೆಯಂತಹ ಕಡೆಗಳಲ್ಲಿ ಜಲಕ್ರೀಡೆಗೆ ಬಂಡವಾಳ ಹೂಡಿ ಒಳ ಎಂಜಿನ್ನಿನ ಹಳೆಯ ಪೆಟ್ರೋಲ್ ದೋಣಿಗಳನ್ನು ಕೊಳ್ಳಬಯಸುವವರು ಈ ಅಂಶವನ್ನು ಮೊಟ್ಟಮೊದಲು ಪರಿಶೀಲಿಸಬೇಕು.

ಕೊಳ್ಳುವ ಮುನ್ನ

ಕಾರ್ಬುರೇಟರ್ ಬದಲಿಸುವ ನಿರ್ಧಾರಕ್ಕೆ ಬರುವ ಮುನ್ನ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಸೂಕ್ತ.

1. ದೋಷ ನಿಜವಾಗಿಯೂ ಕಾರ್ಬುರೇಟರಿನದೇ ಎಂದು ಖಚಿತಪಡಿಸಿಕೊಳ್ಳಬೇಕು. ಇಂಧನದ ಫಿಲ್ಟರ್, ಟ್ಯಾಂಕಿನ ಗಾಳಿರಂಧ್ರ, ಒತ್ತಿ ತುಂಬುವ ರಬ್ಬರ್ ಬಲ್ಬು, ಇಂಧನ ಪಂಪಿನ ಪೊರೆ, ಸ್ಪಾರ್ಕ್ ಪ್ಲಗ್ ಇವುಗಳನ್ನು ಮೊದಲು ನೋಡಬೇಕು.

2. ಪ್ಲಗ್ಗಿನ ಬಣ್ಣ ನೋಡಬೇಕು. ತಿಳಿಗಂದು ಬಣ್ಣ ಸರಿಯಾದ ಮಿಶ್ರಣದ ಗುರುತು. ಬಿಳಿಚಿಕೊಂಡಿದ್ದರೆ ಇಂಧನ ತೆಳುವಾಗಿದೆ. ಒದ್ದೆಯಾಗಿ ಕಪ್ಪಾಗಿದ್ದರೆ ಅಧಿಕವಾಗಿದೆ. ದೋಣಿಯಲ್ಲಿ ಹೊರೆಯಿಟ್ಟು ಪೂರ್ಣ ಥ್ರಾಟಲಿನಲ್ಲಿ ಕೆಲವು ನಿಮಿಷ ಓಡಿಸಿ, ಕೂಡಲೇ ನಿಲ್ಲಿಸಿ ನೋಡಿದ ಬಣ್ಣವೇ ನಂಬತಕ್ಕದ್ದು. ಈ ಪರೀಕ್ಷೆಯನ್ನು ಅಳಿವೆಯ ಒಳಗಿನ ಶಾಂತ ನೀರಿನಲ್ಲಿಯೇ ಮಾಡಬೇಕು.

3. ಎಂಜಿನ್ನಿನ ಮಾದರಿ ಸಂಖ್ಯೆಗೆ ತಯಾರಕರು ಸೂಚಿಸಿದ ಕಾರ್ಬುರೇಟರನ್ನೇ ಕೇಳಬೇಕು. ಒಂದೇ ಅಶ್ವಶಕ್ತಿಯ ಎರಡು ಮಾದರಿಗಳ ಕಾರ್ಬುರೇಟರ್ ಬೇರೆಯಾಗಿರಬಹುದು.

4. ಅಗ್ಗದ ನಕಲಿಯಲ್ಲಿ ಉಳಿತಾಯವಾಗುವುದು ಮುಖ್ಯವಾಗಿ ಜೆಟ್‌ನ ನಿಖರತೆಯಲ್ಲಿ ಮತ್ತು ಫ್ಲೋಟ್ ಸೂಜಿಯ ಗುಣಮಟ್ಟದಲ್ಲಿ. ಇವೆರಡೂ ಕಣ್ಣಿಗೆ ಕಾಣುವುದಿಲ್ಲ. ಅಧಿಕೃತ ಬಿಲ್ಲು ಪಡೆದು, ತಯಾರಕರ ಭಾಗ ಸಂಖ್ಯೆಯನ್ನು ತಾಳೆ ನೋಡಬೇಕು.

5. ಹೊಸ ಕಾರ್ಬುರೇಟರ್ ಕೂರಿಸಿದ ಬಳಿಕ ನಿಧಾನಗತಿಯಿಂದ ಪೂರ್ಣಗತಿಗೆ ಒಮ್ಮೆಲೇ ತೆರೆದು ನೋಡಬೇಕು. ತಡವರಿಕೆ ಕಂಡುಬಂದರೆ ನಿಧಾನಗತಿಯ ಸ್ಕ್ರೂ ಮತ್ತು ಪೈಲಟ್ ಜೆಟ್ ಸರಿಹೊಂದಿಸದೆ ಕಡಲಿಗೆ ಇಳಿಯಬಾರದು.

6. ಕಡಲಿನಿಂದ ಬಂದ ಬಳಿಕ ಎಂಜಿನ್‌ಗೆ ಸಿಹಿನೀರು ಹಾಯಿಸಬೇಕು. ಹೆಚ್ಚು ದಿನ ನಿಲ್ಲಿಸುವುದಾದರೆ ಫ್ಲೋಟ್ ಬಟ್ಟಲನ್ನು ಖಾಲಿ ಮಾಡಬೇಕು. ಬಟ್ಟಲಿನಲ್ಲಿ ಒಣಗಿದ ಇಂಧನವು ಅಂಟಿನಂತಾಗಿ ಜೆಟ್ಟನ್ನು ಮುಚ್ಚುತ್ತದೆ.

ಲಾಭನಷ್ಟದ ಲೆಕ್ಕ

ಸುರಕ್ಷತೆಯ ಮಾತು ಹಾಗಿರಲಿ, ಹಣದ ಲೆಕ್ಕದಲ್ಲಿಯೂ ಈ ವಿಷಯ ಉಪೇಕ್ಷಣೀಯವಲ್ಲ. ಒಂದು ದೋಣಿ ಗಂಟೆಗೆ 5 ಲೀಟರಿನಂತೆ ದಿನಕ್ಕೆ 6 ಗಂಟೆ ಓಡುತ್ತದೆಂದು ಇಟ್ಟುಕೊಳ್ಳೋಣ. ದಿನಕ್ಕೆ 30 ಲೀಟರ್. ಕಾರ್ಬುರೇಟರ್ ಸರಿಯಿಲ್ಲದೆ ಶೇ. 10ರಷ್ಟು ವ್ಯರ್ಥವಾದರೆ ದಿನಕ್ಕೆ 3 ಲೀಟರ್ ನಷ್ಟ. ವರ್ಷಕ್ಕೆ 150 ದಿನ ಕಡಲಿಗೆ ಹೋದರೆ 450 ಲೀಟರ್. ಲೀಟರಿಗೆ 100 ರೂ. ಹಿಡಿದರೂ 45,000 ರೂ. ಸರಕಾರ ಒಂದು ಎಂಜಿನ್ ಬದಲಾವಣೆಗೆಂದು ಘೋಷಿಸಿದ ಸಹಾಯಧನದ ಸಮೀಪದ ಮೊತ್ತವು ಒಂದೇ ವರ್ಷದಲ್ಲಿ ಹೊಗೆಯಾಗಿ ಹೋದಂತಾಯಿತು. ಈ ನಷ್ಟ ಮಾಲೀಕನೊಬ್ಬನದೇ ಅಲ್ಲ. ಇಂಧನದ ಖರ್ಚನ್ನು ಕಳೆದು ಉಳಿದ ಮೊತ್ತವನ್ನು ಪಾಲು ಮಾಡುವಲ್ಲಿ ಬಲೆ ಎಳೆದವರೆಲ್ಲರ ಪಾಲೂ ಕಡಿಮೆಯಾಗುತ್ತದೆ.

ಹಾಗಾದರೆ ಕಾರ್ಬುರೇಟರನ್ನೇ ಕೈಬಿಟ್ಟು ಇಂಜೆಕ್ಷನ್ ಎಂಜಿನ್‌ಗೆ ಹೋಗಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಅಮೆರಿಕದಲ್ಲಿ 2010ರಿಂದ ಬಿಗಿಯಾದ ಹೊಗೆ ನಿಯಮಗಳ ಫಲವಾಗಿ ಕಾರ್ಬುರೇಟರಿನ 2 ಸ್ಟ್ರೋಕ್ ಔಟ್‌ಬೋರ್ಡ್‌ಗಳು ಹೊಸ ಮಾರಾಟದಿಂದ ಮರೆಯಾಗಿವೆ. 4 ಸ್ಟ್ರೋಕ್ ಎಂಜಿನ್‌ಗಳು ಇಂಧನವನ್ನು ಗಣನೀಯವಾಗಿ ಉಳಿಸುತ್ತವೆ ಎಂಬುದೂ ನಿಜ. ಆದರೆ ಅವು ತೂಕದಲ್ಲಿ ಹೆಚ್ಚು, ಬೆಲೆಯಲ್ಲಿಯೂ ಹೆಚ್ಚು. ಇಂಜೆಕ್ಷನ್ ಇದ್ದಲ್ಲಿ ಸಂವೇದಕಗಳೂ ವಿದ್ಯುತ್ ಜೋಡಣೆಗಳೂ ಉಪ್ಪುಗಾಳಿಗೆ ತೆರೆದುಕೊಳ್ಳುತ್ತವೆ; ಕೆಟ್ಟಾಗ ದಡದಲ್ಲಿ ಸ್ಪ್ಯಾನರ್ ಹಿಡಿದು ಸರಿಪಡಿಸುವಂತಿಲ್ಲ. ಹೊಸದಾಗಿ ಎಂಜಿನ್ ಕೊಳ್ಳುವವರು ಹತ್ತಿರದಲ್ಲಿ ಸೇವಾ ಕೇಂದ್ರವಿದೆಯೇ ಎಂಬುದನ್ನು ನೋಡಿ ನಿರ್ಧರಿಸುವುದು ಜಾಣತನ. ಈಗಿರುವ ಎಂಜಿನನ್ನೇ ಇನ್ನೂ ಕೆಲವು ವರ್ಷ ನಡೆಸಬೇಕಾದವರಿಗೆ ಕಾರ್ಬುರೇಟರೇ ಗತಿ.

ಸ್ಥಳೀಯ ಉದ್ಯಮಕ್ಕೆ ಅವಕಾಶ

ಇಲ್ಲಿಯೇ ನಮ್ಮ ವ್ಯಾಪಾರಸ್ಥರಿಗೂ ಯುವಕರಿಗೂ ಒಂದು ಅವಕಾಶ ಅಡಗಿದೆ. ಬೈಕ್ ರಿಪೇರಿಯ ಅಂಗಡಿಗಳಲ್ಲಿ ಕಾರ್ಬುರೇಟರ್ ಬಿಚ್ಚಿ ಜೋಡಿಸುತ್ತಿದ್ದ ತಲೆಮಾರು ಹಿಂದೆ ಸರಿಯುತ್ತಿದೆ. ಹೊಸದಾಗಿ ತರಬೇತಿ ಪಡೆದವರು ಇಂಜೆಕ್ಷನ್ ಕಲಿತು ಬರುತ್ತಿದ್ದಾರೆ. ಕಡಲತೀರದಲ್ಲಾದರೋ ಕಾರ್ಬುರೇಟರ್ ಇನ್ನೂ ಹಲವು ವರ್ಷ ಉಳಿಯಲಿದೆ. ಗಂಗೊಳ್ಳಿ, ಉಪ್ಪುಂದ, ಕೋಡಿಬೆಂಗ್ರೆಗಳಂತಹ ಕೇಂದ್ರಗಳಲ್ಲಿ ಅಸಲಿ ಜೆಟ್‌ಗಳ ದಾಸ್ತಾನು, ರಂಧ್ರವನ್ನು ಅಳೆಯುವ ಗೇಜ್, ಶುಚಿಗೊಳಿಸುವ ಅಲ್ಟ್ರಾಸಾನಿಕ್ ತೊಟ್ಟಿ ಹಾಗೂ ಸುತ್ತುಗಳನ್ನು ಅಳೆಯುವ ಟ್ಯಾಕೋಮೀಟರ್ ಇಟ್ಟುಕೊಂಡ ಒಂದು ಸಣ್ಣ ಕಾರ್ಯಾಗಾರಕ್ಕೆ ವರ್ಷವಿಡೀ ಕೆಲಸವಿದೆ. ಬಂಡವಾಳ ದೊಡ್ಡದಲ್ಲ, ಬೇಕಾಗಿರುವುದು ನಿಖರತೆ ಮತ್ತು ಪ್ರಾಮಾಣಿಕತೆ.

ಬಿಡಿಭಾಗ ಮಾರುವವರ ಹೊಣೆಯೂ ಇಲ್ಲಿ ಸಣ್ಣದಲ್ಲ. ಗ್ರಾಹಕನು ದೊಡ್ಡ ಕಾರ್ಬುರೇಟರ್ ಕೇಳಿದಾಗ ಎಂಜಿನ್ನಿನ ಮಾದರಿ, ಬಳಸುವ ಇಂಧನ, ಪ್ರೊಪೆಲ್ಲರಿನ ಅಳತೆ ಹಾಗೂ ದೋಣಿ ಯಾವ ಅಳಿವೆಯಿಂದ ಹೊರಡುತ್ತದೆ ಎಂಬುದನ್ನು ವಿಚಾರಿಸಿ, ಸರಿಯಾದುದನ್ನೇ ಕೊಡುವ ವ್ಯಾಪಾರಿಯ ಅಂಗಡಿಗೆ ಆ ಗ್ರಾಹಕ ಮತ್ತೆ ಬರುತ್ತಾನೆ. ಮುಂಗಾರಿನ ಮೊದಲ ಮಳೆ ಬೀಳುವ ಮುನ್ನವೇ, ಮೇ ತಿಂಗಳಿನ ಬಿಡುವಿನಲ್ಲಿ, ಪ್ರತಿಯೊಬ್ಬ ನಾಡದೋಣಿ ಮಾಲೀಕನೂ ತನ್ನ ಕಾರ್ಬುರೇಟರನ್ನು ಒಮ್ಮೆ ಬಿಚ್ಚಿಸಿ ನೋಡುವುದು ವಿಹಿತ. ತೆರೆ ಎಣಿಸಿ ಥ್ರಾಟಲ್ ತೆರೆಯುವ ಗಳಿಗೆಯಲ್ಲಿ ಆ ತಪಾಸಣೆಗೆ ಕೊಟ್ಟ ಹಣಕ್ಕೆ ಪ್ರತಿಫಲ ದೊರೆಯುತ್ತದೆ.